ಎರಡು ಬಡಿತಗಳ ನಡುವೆ

"ಹಾರ್ಟ್ ಸೌಂಡ್ ಚೆನ್ನಾಗಿದೆ, ಗಾಬರಿ ಏನಿಲ್ಲ" ಎಂದು ಡಾಕ್ಟರು ಹೇಳಿದ ಮಾತು ನಮ್ಮ ಮನೆಯಲ್ಲಿ ಮೂರು ತಿಂಗಳು ಮಂತ್ರದ ಹಾಗೆ ಓಡಾಡಿತು. 1994ರ ದೀಪಾವಳಿಯ ಸಮಯ. ಅಮ್ಮನಿಗೆ ಆಗ 61 ವರ್ಷ. ನೀರಿನ ಕೊಡ ಎತ್ತಿಕೊಂಡು ಹಿತ್ತಲ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತುಬಿಡುತ್ತಿದ್ದಳು. ಏನಾಯ್ತಮ್ಮ ಎಂದರೆ, "ಏನಿಲ್ಲ ಕಣೇ, ಬೆನ್ನು ಹಿಡಿದ ಹಾಗಾಗತ್ತೆ. ದವಡೆ ಒಂಥರಾ ಬಿಗಿಯತ್ತೆ. ಸುಸ್ತು" ಎನ್ನುತ್ತಿದ್ದಳು. ಎದೆನೋವು ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ. ಅತ್ತಿಗೆ ಜೀರಿಗೆ ಕಷಾಯ ಮಾಡಿಕೊಟ್ಟರು. ಅಣ್ಣ ಸೋಡಾ ತಂದ. ಹಬ್ಬಕ್ಕೆಂದು ಬಂದಿದ್ದ ನಾನು, "ನಿನಗೆ ಗ್ಯಾಸ್ಟ್ರಿಕ್ಕು, ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಉಪದೇಶ ಮಾಡಿದೆ. ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ಆಯಿತು. ಅವರು ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, ಆ ಮಾತು ಹೇಳಿ ಕಳಿಸಿದರು.

ಸಂಕ್ರಾಂತಿ ಕಳೆದ ವಾರ, ಬೆಳಗಿನ ಜಾವ, ಬಚ್ಚಲೊಲೆಗೆ ಉರಿ ಹಾಕುತ್ತಿದ್ದ ಅಮ್ಮ ಅಲ್ಲೇ ಗೋಡೆಗೆ ಒರಗಿದಳು. ಹಂಡೆಯ ನೀರು ಕಾಯುವ ಮೊದಲೇ ಎಲ್ಲ ಮುಗಿದುಹೋಗಿತ್ತು.

ಇಷ್ಟು ವರ್ಷಗಳಾದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೇಳಿಸದೇ ಹೋದದ್ದು ತಪ್ಪೇ, ಅಥವಾ ನಾವು ಕೇಳಿಸಿಕೊಳ್ಳದೇ ಹೋದದ್ದು ತಪ್ಪೇ? ಎರಡೂ ಒಂದೇ ಎನ್ನುವ ಹಾಗೆ ಕಾಣುತ್ತದೆ. ಒಂದೇ ಅಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಮೊದಮೊದಲು ಆ ಡಾಕ್ಟರ ಮೇಲೆಯೇ ನನಗೆ ಸಿಟ್ಟು. ಎದೆಗೇ ನಳಿಗೆ ಇಟ್ಟು ಕೇಳಿದವರಿಗೆ ತಿಳಿಯಲಿಲ್ಲವೆಂದರೆ ಇನ್ನು ಯಾರಿಗೆ ತಿಳಿಯಬೇಕು? ಆಮೇಲೆ ಹೃದಯದ ಸದ್ದು ಎಂದರೇನು ಎಂದು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಲಬ್-ಡಬ್ ಎಂದು ನಾವು ಹೇಳುವ ಸದ್ದು ಬಾಗಿಲು ಮುಚ್ಚುವ ಸದ್ದಂತೆ. ಹೃದಯ ಹಿಂಡಿಕೊಳ್ಳಲು ತೊಡಗಿದಾಗ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಕವಾಟಗಳು ಮುಚ್ಚುತ್ತವೆ, ಅದು ಲಬ್. ಹಿಂಡಿ ಮುಗಿದ ಮೇಲೆ ದೊಡ್ಡ ರಕ್ತನಾಳಗಳ ಬಾಯಲ್ಲಿರುವ ಕವಾಟಗಳು ಮುಚ್ಚುತ್ತವೆ, ಅದು ಡಬ್. ಬಾಗಿಲು ಸಡಿಲವಾಗಿದ್ದರೆ, ಬಿಗಿದುಕೊಂಡಿದ್ದರೆ, ಪಳಗಿದ ಕಿವಿಗೆ ಗೊತ್ತಾಗುತ್ತದೆ. ಅಮ್ಮನ ಲಕ್ಷಣ ಕೇಳಿದ ವೈದ್ಯರೆಲ್ಲ ಆಮೇಲೆ ಹೇಳಿದ್ದು ಬಾಗಿಲಿನ ಕಾಯಿಲೆಯನ್ನಲ್ಲ. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕರೋನರಿ ನಾಳಗಳೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗಿರಬೇಕು ಎಂದರು. ಅಂಥವರಲ್ಲೂ ಲಬ್-ಡಬ್ ಸ್ವಚ್ಛವಾಗಿಯೇ ಕೇಳಬಹುದು. ಸುಮ್ಮನೆ ಮಲಗಿಸಿ ತೆಗೆದ ಇ.ಸಿ.ಜಿ. ಕೂಡ ಸರಿಯಾಗಿಯೇ ಬರಬಹುದು. ಡಾಕ್ಟರು ಸುಳ್ಳು ಹೇಳಿರಲಿಲ್ಲ. ಅಮ್ಮನ ಹಾರ್ಟ್ ಸೌಂಡ್ ನಿಜಕ್ಕೂ ಚೆನ್ನಾಗಿತ್ತು.

ಆ ನಳಿಗೆ ಹುಟ್ಟಿದ ಕಥೆಯಲ್ಲೂ ಒಬ್ಬ ಹೆಂಗಸಿದ್ದಾಳೆ. 1816ರಲ್ಲಿ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯಲ್ಲಿದ್ದ ಲೆನೆಕ್ ಎಂಬ ವೈದ್ಯನ ಬಳಿ ಹೃದಯದ ಕಾಯಿಲೆಯ ಲಕ್ಷಣಗಳಿದ್ದ ಒಬ್ಬ ಯುವತಿ ಬಂದಳು. ಆಗೆಲ್ಲ ಎದೆಯ ಸದ್ದು ಕೇಳಬೇಕಾದರೆ ವೈದ್ಯರು ನೇರವಾಗಿ ಎದೆಗೆ ಕಿವಿ ಇಡುತ್ತಿದ್ದರು. ಪ್ರಾಯದ ಹೆಣ್ಣಿನ ಎದೆಗೆ ಕಿವಿ ಇಡಲು ಆತನಿಗೆ ಸಂಕೋಚವಾಯಿತು. ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟ. ಬರಿಯ ಕಿವಿಗಿಂತ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಮರದ ನಳಿಗೆ ಮಾಡಿಕೊಂಡು, 1819ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. ಆ ಯುವತಿಯ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ದೂರ ನಿಂತೇ ಹತ್ತಿರದಿಂದ ಕೇಳುವ ಉಪಾಯ ಅವಳ ದೆಸೆಯಿಂದ ಲೋಕಕ್ಕೆ ಸಿಕ್ಕಿತು ಎನ್ನುವುದನ್ನು ಆಗಾಗ ನೆನೆಯುತ್ತೇನೆ.

ಓದುತ್ತಾ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಮೈಗೆಲ್ಲ ಹಂಚುತ್ತದೆ. ತನಗೆಂದು ಇಟ್ಟುಕೊಳ್ಳುವುದು ಅದರಲ್ಲಿ ಕಾಲು ಲೀಟರಿನಷ್ಟು. ಮಹಾಧಮನಿಯಿಂದ ಕವಲೊಡೆಯುವ ಮೊದಲ ನಾಳಗಳೇ ಹೃದಯದವು. ಬೀದಿಯ ಮೊದಲನೇ ಮನೆ ಅದರದೇ. ಆದರೂ ತಾನು ಹಿಂಡಿಕೊಂಡಿರುವಾಗ ಅದರ ಸ್ವಂತ ನಾಳಗಳೂ ಅದುಮಿಕೊಂಡಿರುವುದರಿಂದ, ಅದರಲ್ಲೂ ಹೆಚ್ಚು ದುಡಿಯುವ ಎಡಭಾಗದ ಸ್ನಾಯುವಿಗೆ, ಬಹುಪಾಲು ರಕ್ತ ಇಳಿಯುವುದು ಹೃದಯ ಸಡಿಲಗೊಂಡ ಹೊತ್ತಿನಲ್ಲಿ. ಡಬ್ ಆದ ಮೇಲೆ, ಮುಂದಿನ ಲಬ್ ಆಗುವ ಮೊದಲು, ಅರ್ಧ ಸೆಕೆಂಡಿನಷ್ಟು ಬಿಡುವು. ಎಲ್ಲರಿಗೂ ಬಡಿಸಿ ಆದ ಮೇಲೆ ಅದರ ಊಟ. ಬಡಿತ ಜೋರಾದಷ್ಟೂ ಆ ಬಿಡುವೇ ಕಿರಿದಾಗುತ್ತದೆ. ಇದನ್ನು ಓದಿದ ದಿನ, ಎಲ್ಲರ ಎಲೆ ಎತ್ತಿದ ಮೇಲೆ ಅಡುಗೆಮನೆಯ ಒಲೆ ಪಕ್ಕದಲ್ಲಿ ಕೂತು ತಳದ ಸಾರು ಬಗ್ಗಿಸಿಕೊಳ್ಳುತ್ತಿದ್ದ ಅಮ್ಮನ ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ದಾರಿ ಕಿರಿದಾದ ನಾಳದಲ್ಲಿ ರಕ್ತ ಸುಳಿಸುತ್ತಿ ಹರಿಯುತ್ತದೆ, ಅಲ್ಲಿ ಬಹಳ ಸಣ್ಣದೊಂದು ಸದ್ದು ಏಳುತ್ತದೆ. ಆ ಪಿಸುಮಾತು ಇರುವುದು ಆ ಅರ್ಧ ಸೆಕೆಂಡಿನ ಬಿಡುವಿನಲ್ಲಿಯೇ. ಸಾಧಾರಣ ಸ್ಟೆತಾಸ್ಕೋಪಿನಲ್ಲಿ ಅದನ್ನು ಹಿಡಿಯುತ್ತೇವೆಂದು ನೆಚ್ಚಿ ಕೂರುವಂತಿಲ್ಲ. ಡೆನ್ಮಾರ್ಕಿನಲ್ಲಿ ಈ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿ ಕ್ಯಾಡ್‌ಸ್ಕೋರ್ ಎಂಬ ಯಂತ್ರವೊಂದನ್ನು ಮಾಡಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ 2020ರಲ್ಲಿ ಅನುಮತಿ ಕೊಟ್ಟಿತು. ಅಂಗೈಯಗಲದ ಸಾಧನ. ಎದೆಮೂಳೆಯ ಎಡಕ್ಕೆ ಪಟ್ಟಿಯಿಂದ ಅಂಟಿಸುತ್ತಾರೆ. ಒಳಗಿನ ಸೂಕ್ಷ್ಮ ಮೈಕು ಹೃದಯದ ಸದ್ದನ್ನು ಹಿಡಿದುಕೊಳ್ಳುತ್ತದೆ. ಉಸಿರಿನ ಸದ್ದು ಅಡ್ಡ ಬರಬಾರದೆಂದು ರೋಗಿ ಒಂದೊಂದು ಸಲಕ್ಕೆ 8 ಸೆಕೆಂಡಿನಂತೆ ನಾಲ್ಕು ಸಲ ಉಸಿರು ಬಿಗಿಹಿಡಿಯಬೇಕು. ಆ ಸದ್ದಿನ ಜೊತೆಗೆ ವಯಸ್ಸು, ಹೆಣ್ಣೋ ಗಂಡೋ, ರಕ್ತದೊತ್ತಡ ಇದೆಯೋ ಎಂಬುದನ್ನೂ ಸೇರಿಸಿ ಸೊನ್ನೆಯಿಂದ 99ರವರೆಗೆ ಒಂದು ಅಂಕ ಕೊಡುತ್ತದೆ. 20 ಅಥವಾ ಅದಕ್ಕಿಂತ ಕಡಿಮೆಯಾದರೆ ದೊಡ್ಡ ನಾಳಗಳಲ್ಲಿ ಅಡಚಣೆ ಇರುವ ಸಂಭವ ತೀರ ಕಡಿಮೆ ಎಂದು ತಿಳಿಯಬೇಕು. ಹೆಚ್ಚಾದರೆ ಕಾಯಿಲೆ ಇದೆಯೆಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದರ್ಥ.

ಇದು ಸಣ್ಣ ಉಪಕಾರವಲ್ಲ. ಎದೆ ಹಿಡಿಯಿತೆಂದು ಪರೀಕ್ಷೆಗೆ ಹೋಗುವವರಲ್ಲಿ ಹೆಚ್ಚಿನವರಿಗೆ ದೊಡ್ಡ ನಾಳಗಳಲ್ಲಿ ಅಡಚಣೆ ಇರುವುದಿಲ್ಲ. ಅವರಿಗೆಲ್ಲ ಆಂಜಿಯೋಗ್ರಾಂ ತನಕ ಹೋಗುವ ಖರ್ಚು, ಭಯ, ನಿದ್ದೆಗೇಡು ತಪ್ಪಿದರೆ ಒಳ್ಳೆಯದೇ. ಭಯದ ಮನೆಯಲ್ಲಿ ಬದುಕುವುದೂ ಒಂದು ಕಾಯಿಲೆ.

ಆದರೆ ಅಂಕ ಎನ್ನುವುದು ನೂರು ಜನರನ್ನು ಕುರಿತ ಮಾತು. ನಿನ್ನಂಥ ನೂರು ಮಂದಿಯಲ್ಲಿ ಇಷ್ಟು ಜನರಿಗೆ ಹೀಗಾಗುತ್ತದೆ ಎಂದು ಅದು ಹೇಳುತ್ತದೆ. ನಾನು ಆ ನೂರರಲ್ಲಿ ಒಬ್ಬಳು, ನನ್ನ ಮನೆಯವರಿಗಂತೂ ಒಬ್ಬಳೇ. ಇನ್ನೊಂದು ವಿಷಯ. ದೊಡ್ಡ ನಾಳಗಳು ತೆರೆದಿದ್ದೂ, ಕಣ್ಣಿಗೆ ಕಾಣದ ಸಣ್ಣ ಸಣ್ಣ ನಾಳಗಳು ಸರಿಯಾಗಿ ಕೆಲಸ ಮಾಡದೆ ನೋವು ಬರುವುದುಂಟು, ಹೆಂಗಸರಲ್ಲಿ ಇದು ಹೆಚ್ಚು ಎಂದು ವೈದ್ಯರೇ ಹೇಳುತ್ತಾರೆ. ಅಂದರೆ ಅಂಕ ಕಡಿಮೆ ಬಂದರೂ ನೋವು ಸುಳ್ಳಾಗುವುದಿಲ್ಲ. ಹೆಂಗಸರಿಗೆ ಹೃದಯಾಘಾತದಲ್ಲಿ ಎದೆನೋವಿನ ಜೊತೆಗೆ, ಕೆಲವು ಸಲ ಎದೆನೋವೇ ಇಲ್ಲದೆ, ಸುಸ್ತು, ಏದುಸಿರು, ಬೆನ್ನು ದವಡೆಗಳ ನೋವು, ಹೊಟ್ಟೆ ತೊಳಸು ಕಾಣಿಸಿಕೊಳ್ಳಬಹುದು. ಇವೆಲ್ಲ ನಮ್ಮ ಮನೆಗಳಲ್ಲಿ ಗ್ಯಾಸ್ಟ್ರಿಕ್ಕಿನ ಲೆಕ್ಕಕ್ಕೆ ಹೋಗುತ್ತವೆ.

ಕಳೆದ ವರ್ಷ ನನ್ನ ಸೊಸೆಗೆ ಹೀಗೇ ಆಯಿತು. ಬ್ಯಾಂಕಿನಿಂದ ಬಂದವಳು ಮಹಡಿ ಹತ್ತಲಾರದೆ ಕೂತುಬಿಡುತ್ತಿದ್ದಳು. ಇ.ಸಿ.ಜಿ., ಎಕೋ, ಟ್ರೆಡ್‌ಮಿಲ್ ಎಲ್ಲ ಆಯಿತು, ಎಲ್ಲದರಲ್ಲೂ ಹೃದಯ ಸರಿಯಾಗಿದೆ ಎಂದು ಬಂತು. ಮಗ ನೆಮ್ಮದಿಯಿಂದ, "ರಿಪೋರ್ಟು ಎಲ್ಲಾ ನಾರ್ಮಲ್ಲಾಗಿದೆಯಲ್ಲ, ಇನ್ನೇನು ನಿಂಗೆ?" ಎಂದ. ಅವನು ಕೆಟ್ಟವನಲ್ಲ. ಹೆಂಡತಿಯ ಬಗ್ಗೆ ಹೆದರಿದ್ದವನಿಗೆ ಹೆದರಿಕೆ ಇಳಿದಿತ್ತು, ಅಷ್ಟೆ. ನನಗೆ ಮಾತ್ರ ಆ ಮಾತಿನಲ್ಲಿ 1994ರ ನನ್ನದೇ ದನಿ ಕೇಳಿಸಿ ಮೈ ಜುಮ್ಮೆಂದಿತು. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಯಾವಾಗಿಂದ, ಹೇಗೆ ಆಗತ್ತೆ, ಎಲ್ಲಾ ಹೇಳು" ಎಂದೆ. ಮೊದಲು "ಏನಿಲ್ಲ ಅತ್ತೆ" ಎಂದಳು. ಸುಮ್ಮನೆ ಕಾದೆ. ಆಮೇಲೆ ಮುಟ್ಟಿನ ತೊಂದರೆಯಿಂದ ಹಿಡಿದು ಒಂದೊಂದೇ ಹೊರಬಂತು. ಇನ್ನೊಬ್ಬ ವೈದ್ಯೆಯ ಬಳಿ ಹೋದೆವು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಹೃದಯದ ಪರೀಕ್ಷೆಗಳೂ ನಿಜ ಹೇಳಿದ್ದವು, ಸೊಸೆಯೂ ನಿಜ ಹೇಳಿದ್ದಳು.

ನನ್ನ ಹಳೆಯ ಪ್ರಶ್ನೆಗೆ ಈಗ ನನಗೆ ತೋಚುವ ಉತ್ತರ ಇಷ್ಟು. ಅಂದು ಯಾರ ಕಿವಿಗೂ ನಿಲುಕದ ಸದ್ದು ನಮಗೆ ಕೇಳಿಸಲಿಲ್ಲ, ಅದು ಪಾಪವಲ್ಲ. ಅದಕ್ಕಾಗಿ ಡಾಕ್ಟರನ್ನಾಗಲಿ ನನ್ನನ್ನಾಗಲಿ ಶಪಿಸುವುದನ್ನು ಬಿಟ್ಟಿದ್ದೇನೆ. ಆದರೆ "ಚೆನ್ನಾಗಿದೆ" ಎಂಬ ಒಂದು ಮಾತು ಸಿಕ್ಕಿದ್ದೇ ತಡ, ಅಮ್ಮನ ಮಾತಿಗೆ ನಾವು ಬಾಗಿಲು ಹಾಕಿಕೊಂಡೆವು. ಆ ಮೂರು ತಿಂಗಳಲ್ಲಿ ಅವಳು ಇನ್ನೂ ಎಷ್ಟೋ ಸಲ ಮೆಟ್ಟಿಲಲ್ಲಿ ನಿಂತಳು. ನಾವು, "ಡಾಕ್ಟ್ರೇ ಹೇಳಿದ್ದಾರಲ್ಲ" ಎಂದೆವು. ಕಡೆಕಡೆಗೆ ಅವಳು ಹೇಳುವುದನ್ನೇ ಬಿಟ್ಟಳು. ಅದು ನಮ್ಮ ತಪ್ಪು. ಎಂಥ ಯಂತ್ರ ಬಂದರೂ ಈ ತಪ್ಪನ್ನು ಅದು ನಮ್ಮ ಪರವಾಗಿ ತಿದ್ದಿಕೊಡಲಾರದು. ಪರೀಕ್ಷೆ ಎಲ್ಲಿ ನಿಲ್ಲಿಸಬೇಕು ಎಂದು ಅಂಕ ಹೇಳಬಹುದು. ಕೇಳುವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದು ಅದರ ಕೆಲಸವಲ್ಲ.

ಆ ಡೆನ್ಮಾರ್ಕಿನ ಯಂತ್ರ ಆಗಲೇ ಇದ್ದಿದ್ದರೆ ಎಂದು ಕೆಲವೊಮ್ಮೆ ಊಹಿಸುತ್ತೇನೆ. ಎಂಟು ಸೆಕೆಂಡು ಉಸಿರು ಹಿಡಿದು ಮಲಗು ಎಂದರೆ ಅಮ್ಮ, "ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಕಣ್ರೀ" ಎಂದು ಎದ್ದೇ ಬಿಡುತ್ತಿದ್ದಳೇನೋ. ಆ ಮೆಟ್ಟಿಲ ಬುಡದಲ್ಲಿ ಎಂಟು ಸೆಕೆಂಡು ಉಸಿರು ಹಿಡಿದು ಅವಳನ್ನು ನೋಡುತ್ತಾ ನಿಲ್ಲಬೇಕಾಗಿದ್ದವಳು ನಾನು. ಈಗ ನನಗೂ ಅವಳದೇ ವಯಸ್ಸು. ಸೊಸೆ ಸಂಜೆ ಬ್ಯಾಂಕಿನಿಂದ ಬಂದು ಮಹಡಿ ಹತ್ತುವಾಗ ಕೈಕೆಲಸ ಬಿಟ್ಟು ಅವಳ ಹೆಜ್ಜೆ ಕೇಳುತ್ತೇನೆ. ನಡುವೆ ಎಲ್ಲೂ ನಿಲ್ಲದೆ ಮೇಲೆ ಹೋದಳೆಂದರೆ ಕಾಫಿಗೆ ಹಾಲಿಡುತ್ತೇನೆ.