ಹೇಳದೆ ಉಳಿದ ಕಾರಣ

ಹೋದ ವರ್ಷ ಜೂನ್ ತಿಂಗಳ ಒಂದು ಸಂಜೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ನಾನು ಅಡಿಗೆಮನೆಯಲ್ಲಿ ಮರುದಿನಕ್ಕೆಂದು ಹೆಸರುಕಾಳು ನೆನೆಹಾಕುತ್ತಿದ್ದೆ. ಮಗಳು ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಕಾಲೇಜುಗಳ ಪಟ್ಟಿ ತುಂಬುತ್ತಿದ್ದಳು.

ಈ ಪಟ್ಟಿಯ ವ್ಯವಹಾರ ಮಕ್ಕಳನ್ನು ಐಐಟಿ ಪರೀಕ್ಷೆಗೆ ಕೂಡಿಸಿದ ತಾಯಂದಿರಿಗೆ ಗೊತ್ತಿರುತ್ತದೆ. ಬೇಕಾದ ಕಾಲೇಜು, ಬೇಕಾದ ವಿಭಾಗಗಳನ್ನು ಇಷ್ಟದ ಕ್ರಮದಲ್ಲಿ ಒಂದರ ಕೆಳಗೊಂದು ಇಡಬೇಕು. ರ‍್ಯಾಂಕಿಗೆ ದಕ್ಕುವುದರಲ್ಲಿ ಎಲ್ಲಕ್ಕಿಂತ ಮೇಲಿನದು ಸಿಗುತ್ತದೆ. ಒಮ್ಮೆ ಬೀಗ ಬಿದ್ದರೆ ಆ ಕ್ರಮವನ್ನು ಅದಲುಬದಲು ಮಾಡುವಂತಿಲ್ಲ.

ನಮ್ಮಲ್ಲಿ ಇದು ಸುಲಭವಾಗಿ ಮುಗಿಯುವ ಕೆಲಸ ಎಂದುಕೊಂಡಿದ್ದೆ. ಊರಲ್ಲೇ ಐಐಟಿ ಇದೆ. 2016ರಲ್ಲಿ ಅದು ಶುರುವಾದಾಗ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯ ಆವರಣದಲ್ಲಿ ಬಿಡಾರ ಹೂಡಿತ್ತು. ಈಗ ಚಿಕ್ಕಮಲ್ಲಿಗವಾಡದ ಹತ್ತಿರ ಸ್ವಂತ ಕಟ್ಟಡಗಳಾಗಿವೆ. 2023ರ ಮಾರ್ಚ್‌ನಲ್ಲಿ ಪ್ರಧಾನಿಯವರು ಬಂದು ಉದ್ಘಾಟಿಸಿ ಹೋದರು. ಮಗಳು ಅಲ್ಲಿ ಸೇರುವುದು, ಶನಿವಾರ ಮನೆಗೆ ಬರುವುದು, ನಾನು ಅವಳ ಬಟ್ಟೆ ಒಗೆದು ಸೋಮವಾರ ರೊಟ್ಟಿ ಕಟ್ಟಿಕೊಡುವುದು ಎಲ್ಲ ನನ್ನ ಮನಸ್ಸಿನಲ್ಲಿ ಆಗಲೇ ನಡೆದುಹೋಗಿತ್ತು.

ಆದರೆ ಇಣುಕಿ ನೋಡಿದರೆ ಪಟ್ಟಿಯಲ್ಲಿ ಧಾರವಾಡದ ಮೇಲೆ ಕುಳಿತಿದ್ದುದು ಮಂಡಿ. ಹಿಮಾಚಲ ಪ್ರದೇಶದ್ದು.

"ಊರಾಗ ಐಐಟಿ ಇಟಗೊಂಡು ಹಿಮಾಲಯಕ್ಕ ಯಾಕ ಹೊಂಟಿ?" ಎಂದೆ.

"ಅದು ಹಳೇದು ಅವ್ವಾ. 2009ರಾಗ ಶುರುವಾಗೇತಿ. ಲ್ಯಾಬ್ ಚಲೋ ಅದಾವಂತ. ಸೀನಿಯರ್ಸ್ ಭಾಳ ಮಂದಿ ಅದಾರ."

ಉತ್ತರ ಪಾಠ ಒಪ್ಪಿಸಿದ ಹಾಗಿತ್ತು. ಮಾರನೆಯ ದಿನ ಅವಳ ಮೇಜು ಒರೆಸುವಾಗ ಫಿಜಿಕ್ಸ್ ನೋಟ್‌ಬುಕ್ಕಿನ ಕೊನೆಯ ಪುಟ ಕಣ್ಣಿಗೆ ಬಿತ್ತು. ನಡುವೆ ಗೆರೆ ಎಳೆದು ಒಂದು ಕಡೆ ಧಾರವಾಡ, ಇನ್ನೊಂದು ಕಡೆ ಮಂಡಿ ಎಂದು ಬರೆದಿದ್ದಳು. ಮಂಡಿಯ ಕೆಳಗೆ ಪೆನ್ನಿನಲ್ಲಿ ಬರೆದ ಐದು ಕಾರಣ. ಆರನೆಯದನ್ನು ಪೆನ್ಸಿಲ್ಲಿನಲ್ಲಿ ಬರೆದು ರಬ್ಬರಿನಿಂದ ಅಳಿಸಿದ್ದಳು. ಬೆಳಕಿಗೆ ಹಿಡಿದರೆ ಓದಲು ಬರುತ್ತಿತ್ತು: ಹಿಮ.

ಆಗ ನನಗೆ ಎಲ್ಲವೂ ತಿಳಿಯಿತು. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಅವಳು ತನ್ನ ಅತ್ತೆಯ ಜೊತೆ ಯೂತ್ ಹಾಸ್ಟೆಲಿನವರ ಚಾರಣಕ್ಕೆಂದು ಹಿಮಾಚಲದ ಸರ್‌ಪಾಸಿಗೆ ಹೋಗಿದ್ದಳು. ಅಲ್ಲಿ ಮೇ ತಿಂಗಳಲ್ಲೂ ಹಿಮವಿರುತ್ತದೆ. ಕಣಿವೆ ದಾಟಿದ ಮೇಲೆ ಇಳಿಜಾರಿನಲ್ಲಿ ಕೂತುಕೊಂಡೇ ಜಾರಿ ಬರಬೇಕು. ಹುಡುಗಿ ಮನೆಗೆ ಬಂದ ಮೇಲೆ ಒಂದು ವಾರ ಅದನ್ನೇ ಹೇಳಿದಳು. ಅಲ್ಲಿ ಯಾರೋ ಸ್ಕೀಯಿಂಗ್ ವಿಷಯ ತಲೆಗೆ ತುಂಬಿದ್ದರು. ಕಾಲಿಗೆ ಉದ್ದನೆಯ ಎರಡು ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಎರಡು ಕೋಲು ಹಿಡಿದು, ನಿಂತೇ ಜಾರುವ ಆಟ. ಆಮೇಲೆ ಪಿಯುಸಿ ಬಂತು, ಟ್ಯೂಷನ್ ಬಂತು, ಹಿಮದ ಮಾತು ನಿಂತಿತು. ಮರೆತಳು ಎಂದು ನಾನು ತಿಳಿದಿದ್ದೆ.

ಮೊದಲು ನನಗೆ ಬಂದದ್ದು ಸಿಟ್ಟು. ಎರಡು ವರ್ಷ ಬೆಳಗಿನ ಐದಕ್ಕೆ ಎದ್ದು ಚಹಾ ಮಾಡಿಕೊಟ್ಟದ್ದು ಜಾರುಬಂಡೆ ಆಡಲಿಕ್ಕೇನು? ಪಕ್ಕದ ಮನೆಯ ಅಕ್ಕನವರ ಹತ್ತಿರ ಹೇಳಿಕೊಂಡೆ. "ಅಂಗೈಯಾಗ ಬೆಣ್ಣಿ ಇಟಗೊಂಡು ತುಪ್ಪಕ್ಕ ಊರೆಲ್ಲಾ ಅಲೆದಂಗಾತಲ್ಲವಾ" ಎಂದರು ಅವರು. ನನಗೂ ಹಾಗೇ ಅನ್ನಿಸಿತು. ಸಮಾಧಾನವೂ ಆಯಿತು.

ಆದರೆ ಆ ಅಳಿಸಿದ ಅಕ್ಷರ ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಅದನ್ನು ನಾನು ಮೊದಲೆಲ್ಲೋ ನೋಡಿದ್ದೆ.

1993ರಲ್ಲಿ ನಾನು ಪಿಯುಸಿ ಪಾಸಾದೆ. ನಮ್ಮೂರು ಹಾವೇರಿ ಕಡೆಯದು. ಆಗ ಅದೂ ಧಾರವಾಡ ಜಿಲ್ಲೆಯೇ, ಬೇರೆಯಾದದ್ದು 1997ರಲ್ಲಿ. ಧಾರವಾಡದ ಕರ್ನಾಟಕ ಕಾಲೇಜಿಗೆ ಹೋಗುತ್ತೇನೆ ಎಂದು ಅಪ್ಪನ ಮುಂದೆ ನಿಂತೆ. 1917ರಲ್ಲಿ ಆರಂಭವಾದ ಕಾಲೇಜು, ದೊಡ್ಡ ಹೆಸರು, ಒಳ್ಳೆಯ ಪ್ರಾಧ್ಯಾಪಕರು ಎಂದೆಲ್ಲ ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಧಾರವಾಡ ಆಕಾಶವಾಣಿಯಲ್ಲಿ ಕೇಳಿದ ಹಿಂದೂಸ್ತಾನಿ ಗಾಯನ ನನ್ನನ್ನು ಹಿಡಿದುಬಿಟ್ಟಿತ್ತು. ಧಾರವಾಡದಲ್ಲಿ ಓಣಿಗೊಬ್ಬರು ಕಲಿಸುವವರಿದ್ದಾರೆ, ಹಗಲು ಕಾಲೇಜು, ಸಂಜೆ ಹಾಡು ಎಂದು ಲೆಕ್ಕ ಹಾಕಿದ್ದೆ. ಅದನ್ನು ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾರೆ ಎಂಬ ಅಂಜಿಕೆ.

ಅಪ್ಪ ಬಹಳ ನ್ಯಾಯವಂತ ಮನುಷ್ಯ. ನಾನು ಕೊಟ್ಟ ಕಾರಣವನ್ನು ಸಾವಧಾನವಾಗಿ ತೂಗಿ ನೋಡಿದ. "ನಮ್ಮೂರ ಕಾಲೇಜಿನಾಗೂ ಪುಸ್ತಕ ಅವs, ಪರೀಕ್ಷಾನೂ ಅದs, ಡಿಗ್ರಿ ಕೊಡೋ ಯುನಿವರ್ಸಿಟಿನೂ ಅದs. ಮತ್ಯಾಕ ಧಾರವಾಡ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಮುಂದೆ ಮಾಡಿದ ಸುಳ್ಳು ಕಾರಣ ಸೋತಿತು. ನಿಜವಾದ ಕಾರಣ ವಿಚಾರಣೆಗೇ ಬರಲಿಲ್ಲ. ಊರಲ್ಲೇ ಬಿ.ಎ. ಮುಗಿಸಿದೆ. ಕೆಲವು ವರ್ಷಗಳ ನಂತರ ಮದುವೆಯಾಗಿ ಧಾರವಾಡಕ್ಕೇ ಬಂದೆ. ಆ ಹೊತ್ತಿಗೆ ಕೈಯಲ್ಲಿ ನೌಕರಿ, ಮನೆಯಲ್ಲಿ ಹಾಸಿಗೆ ಹಿಡಿದ ಮಾವನವರು. ಹಾಡು ಎಲ್ಲಿಯದು? ಎಷ್ಟೋ ವರ್ಷ ಅಪ್ಪ ನನ್ನ ಹಾಡು ಕಸಿದುಕೊಂಡ ಎಂದು ಮನಸ್ಸಿನಲ್ಲೇ ಬೈದಿದ್ದೇನೆ. ಆತ ಕಸಿದುಕೊಳ್ಳಲಿಲ್ಲ. ನಾನು ಆತನ ಮುಂದೆ ಅದನ್ನು ಇಡಲೇ ಇಲ್ಲ.

ಕಾಲೇಜು ಆರಿಸುವಾಗ ಸಂತೋಷವೂ ಒಂದು ಕಾರಣವಾಗಬಹುದೆ? ಗಂಡುಮಕ್ಕಳ ವಿಷಯದಲ್ಲಿ ನಾವು ಈ ಪ್ರಶ್ನೆಯನ್ನು ಇಷ್ಟು ಬಿಗಿಯಾಗಿ ಕೇಳುವುದಿಲ್ಲ. ಅಲ್ಲಿ ಕ್ರಿಕೆಟ್ ಮೈದಾನ ಚೆನ್ನಾಗಿದೆ ಎಂದರೆ ನಕ್ಕು ಸುಮ್ಮನಾಗುತ್ತೇವೆ. ಹೆಣ್ಣುಮಕ್ಕಳಿಗೆ ಮಾತ್ರ ಸಂತೋಷವೆಂಬುದು ಸದಾ ನಾಳೆಯ ಮಾತು. ಮೊದಲು ಓದು ಮುಗಿಸು, ಆಮೇಲೆ ನೌಕರಿ ಹಿಡಿ, ಆಮೇಲೆ "ಗಂಡನ ಮನ್ಯಾಗ ಏನರ ಮಾಡಕೋ". ಹೀಗಾಗಿ ನಮ್ಮ ಹುಡುಗಿಯರು ಬಹಳ ಬೇಗ ಒಂದು ಜಾಣತನ ಕಲಿಯುತ್ತಾರೆ: ಬೇಕಾದದ್ದನ್ನು ಅಂಕಗಳ ಸೆರಗಿನಲ್ಲಿ ಮುಚ್ಚಿಟ್ಟು ಕೇಳುವುದು.

ಹಾಗೆಂದು ಹೊರಗಿನದೆಲ್ಲ ವ್ಯರ್ಥ ಎನ್ನಲು ನಮ್ಮ ಅವಳಿ ನಗರದಲ್ಲಿ ಕುಳಿತು ಬಾಯಿ ಬರುವುದಿಲ್ಲ. ಗಿರೀಶ ಕಾರ್ನಾಡರು ಇದೇ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದರು. ಆದರೆ ಅವರ 'ಯಯಾತಿ'ಯನ್ನು 1961ರಲ್ಲಿ ಅಚ್ಚು ಹಾಕಿಸಿದ್ದು ಯಾವ ಕಾಲೇಜೂ ಅಲ್ಲ, ಇದೇ ಊರಿನ ಮನೋಹರ ಗ್ರಂಥಮಾಲೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಶಾಲೆ ಪ್ರಾಥಮಿಕಕ್ಕೇ ಮುಗಿದಿತ್ತು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕಾಗಿ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಇಂದು ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವೊಂದು ಅವರ ಹೆಸರಿನಲ್ಲಿ ನಡೆಯುತ್ತಿದೆ.

ಈ ಉದಾಹರಣೆಗಳನ್ನೆಲ್ಲ ಕಟ್ಟಿಕೊಂಡು ಮಗಳ ಪರ ವಕೀಲಿಕೆಗೆ ಸಿದ್ಧಳಾದೆ. ಅವಳನ್ನು ಕೂಡಿಸಿಕೊಂಡು, ನೋಟ್‌ಬುಕ್ ನೋಡಿದ್ದನ್ನು ಒಪ್ಪಿಕೊಂಡೆ. ಅವಳ ಮುಖ ಕೆಂಪಾಯಿತು. ಧೈರ್ಯ ತುಂಬಲೆಂದು ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬಾಕೆಯ ಸುದ್ದಿ ತೆಗೆದೆ. ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಸ್ಕೀಯಿಂಗ್ ಚಿನ್ನ ತಂದ ಹೆಣ್ಣುಮಗಳು. "ನೀನೂ ಹಂಗ ಆಗಬಹುದಲ್ಲ" ಎಂದೆ.

ಮಗಳು ತಲೆ ಅಲ್ಲಾಡಿಸಿದಳು. "ನಾ ಪದಕ ಗಿದಕ ತರೂದಿಲ್ಲವ್ವಾ. ನನಗ ಜಾರಬೇಕು, ಅಷ್ಟ."

ಆ ಮಾತಿಗೆ ನಾನು ಸುಮ್ಮನಾದೆ. ನಾನು ಏನು ಮಾಡುತ್ತಿದ್ದೆ ಎಂದು ಆಗ ಗೊತ್ತಾಯಿತು. ಅವಳು ಸಂತೋಷವನ್ನು ಲ್ಯಾಬಿನ ಹಿಂದೆ ಬಚ್ಚಿಟ್ಟಳು. ನಾನು ಅದನ್ನು ಹೊರಗೆ ತೆಗೆದು ಪದಕದ ಹಿಂದೆ ಬಚ್ಚಿಡುತ್ತಿದ್ದೆ. ಗೆದ್ದವರ ಕಥೆ ಹೇಳಿ ಸಂತೋಷಕ್ಕೆ ಪರವಾನಗಿ ಕೊಡಿಸುವುದೂ ಒಂದು ಮೋಸವೇ. ಕುಂದಗೋಳದ ರೈಲು ಹತ್ತಿದವರೆಲ್ಲ ಗಂಗೂಬಾಯಿ ಆಗಲಿಲ್ಲ. ನಾನು ಧಾರವಾಡಕ್ಕೆ ಬಂದು ಕಲಿತಿದ್ದರೂ ದೇವರ ಮುಂದೆ ನಾಲ್ಕು ವಚನ ಹಾಡುವಷ್ಟು ಆಗುತ್ತಿದ್ದೆನೇನೊ. ಆ ನಾಲ್ಕು ವಚನಕ್ಕೆ ಬೆಲೆ ಇಲ್ಲವೆ? ಇದೆ ಎಂದರೆ, ಜಾರುವುದಕ್ಕೂ ಇರಬೇಕು.

ಅದಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆ ಎತ್ತಿದವರು ನಮ್ಮವರು. "ಮಂದಿ ತೆರಿಗಿ ದುಡ್ಡಿನಾಗ ನಡಿಯೂ ಕಾಲೇಜು ಅದು. ಆಟದ ಸಲುವಾಗಿ ಸೀಟು ಹಿಡದ್ರ, ಓದೂ ಒಬ್ಬಾಂವಂದು ಕಸಗೊಂಡಂಗ ಆಗೂದಿಲ್ಲೇನು?" ಎಂದರು. ಹಗುರಾದ ಮಾತಲ್ಲ ಅದು. ಓದು ಬಿಟ್ಟು ಹಿಮದಲ್ಲಿ ಕಾಲ ಕಳೆದರೆ ಅದು ಕಳವೇ. ಆದರೆ ಓದನ್ನು ಪೂರ್ತಿ ಓದಿ, ಉಳಿದ ಹೊತ್ತಿನಲ್ಲಿ ಜಾರಿದರೆ ಯಾರದೇನು ಹೋಗುತ್ತದೆ? ಕೋಣೆಯಲ್ಲಿ ಕುಳಿತು ಫೋನು ತಿಕ್ಕುವ ಹೊತ್ತಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲವಲ್ಲ.

ಕಾರಣ ಹೊರಗೆ ಬಂದ ಮೇಲೆ ಒಂದು ಅನುಕೂಲವಾಯಿತು. ಅದನ್ನು ತೂಗಿ ನೋಡಲು ಬಂತು. ಮೂವರೂ ಕೂತು ನಕಾಶೆ ತೆಗೆದೆವು. ಮಂಡಿಯ ಐಐಟಿ ಇರುವ ಕಮಾಂದ್ ತಗ್ಗಿನ ಕಣಿವೆ, ಹಿಮದ ಊರಲ್ಲ. ಜಾರುವ ಸೋಲಂಗ್ ಕಣಿವೆಗೆ ಹೋಗಬೇಕಾದರೆ ಮನಾಲಿ ದಾಟಬೇಕು. ಅಂದರೆ ನೂರು ಕಿಲೋಮೀಟರಿಗೂ ಹೆಚ್ಚು ಬೆಟ್ಟದ ದಾರಿ. ಮನಾಲಿಯಲ್ಲಿ 1961ರಿಂದ ಸರಕಾರದ ಪರ್ವತಾರೋಹಣ ಸಂಸ್ಥೆ ಇದೆ, ಸ್ಕೀಯಿಂಗೂ ಕಲಿಸುತ್ತಾರೆ. ಆದರೆ ಹಿಮ ಬೀಳುವುದು ಜನವರಿ, ಫೆಬ್ರುವರಿಯ ಸುಮಾರಿಗೆ. ಕಾಲೇಜಿನ ಪಾಠದ ಕಾಲವೂ ಅದೇ. "ವರ್ಷಕ್ಕ ನಾಕು ದಿನ ಸಿಕ್ಕರ ಹೆಚ್ಚು" ಎಂದಳು ಮಗಳು ತಾನಾಗಿಯೇ. ಲ್ಯಾಬಿನ ಮಾತಿನಲ್ಲೇ ಇದ್ದಿದ್ದರೆ ಈ ನಾಲ್ಕು ದಿನದ ಲೆಕ್ಕ ನಮಗೆ ಸಿಗುತ್ತಲೇ ಇರಲಿಲ್ಲ.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ನನ್ನ ಕಾರಣ ನೋಡಿದೆಲ್ಲಾ, ನಿನ್ನದು ಹೇಳು. ನಾ ಮಂಡಿಗೆ ಹೋಗೂದು ನಿನಗ್ಯಾಕ ಬ್ಯಾಡ?"

2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಮಂಡಿ, ಕುಲ್ಲು ಕಡೆ ರಸ್ತೆ, ಸೇತುವೆ ಕೊಚ್ಚಿಹೋದದ್ದನ್ನು ಹೇಳಿದೆ. ಅದು ಸುಳ್ಳಲ್ಲ, ಆ ಭಯ ಇತ್ತು. ಊಟ ಸೇರಲಿಕ್ಕಿಲ್ಲ ಎಂದೆ. ಎರಡು ದಿನದ ಪ್ರಯಾಣ ಎಂದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕಡೆಗೆ ಹೇಳಿದೆ: "ನೀ ಹ್ವಾದ್ರ ಮನಿ ಖಾಲಿ ಖಾಲಿ ಅನಸ್ತೈತಿ."

ನನ್ನ ಪಟ್ಟಿಯಲ್ಲೂ ಒಂದು ಸಾಲು ಪೆನ್ಸಿಲ್ಲಿನದಿತ್ತು. ಅವಳು ಹಿಮವನ್ನು ಅಳಿಸಿದ್ದಳು, ನಾನು ಶನಿವಾರವನ್ನು. ಎರಡೂ ಸಂತೋಷದ ಕಾರಣಗಳೇ. ಅವಳದನ್ನು ಹುಡುಗಾಟವೆಂದೂ ನನ್ನದನ್ನು ತಾಯ್ತನವೆಂದೂ ಕರೆಯುವುದು ನ್ಯಾಯವಲ್ಲ. ಸಂಬಳ ತರುವವರು, ಫೀ ಕಟ್ಟುವವರು ನಾವು ಎಂಬ ಜೋರಿನಿಂದ ನಮ್ಮ ಸಂತೋಷ 'ವಿವೇಕ'ವಾಗುತ್ತದೆ, ಮಕ್ಕಳದು 'ಹಟ'ವಾಗುತ್ತದೆ. ಆ ರಾತ್ರಿ ನನಗೆ ಅರ್ಥವಾದದ್ದು ಇಷ್ಟು.

ಕೊನೆಗೆ ಮಗಳೇ ಒಂದು ಕ್ರಮ ಹಾಕಿದಳು. ಅವಳಿಗೆ ಬೇಕಾದದ್ದು ಎಲೆಕ್ಟ್ರಿಕಲ್. ಅದು ಎರಡೂ ಕಡೆ ಸಿಗುವಂತಿದ್ದರೆ ಮಂಡಿ. ಮಂಡಿಯಲ್ಲಿ ಬೇರೆ ವಿಭಾಗವಷ್ಟೇ ಸಿಗುವಂತಿದ್ದು ಧಾರವಾಡದಲ್ಲಿ ಎಲೆಕ್ಟ್ರಿಕಲ್ ಸಿಕ್ಕರೆ ಧಾರವಾಡ. ಓದಿಗೆ ಓದಿನ ಜಾಗ, ಹಿಮಕ್ಕೆ ಹಿಮದ ಜಾಗ. ನನ್ನ ಶನಿವಾರಕ್ಕೆ ಎಲ್ಲಿ ಜಾಗ ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ಇತ್ತೊ ಇಲ್ಲವೊ, ಈಗಲೂ ತಿಳಿಯದು. ಅವಳು ಬೀಗ ಹಾಕಿದಳು.

ಮಂಡಿಯಲ್ಲಿ ಎಲೆಕ್ಟ್ರಿಕಲ್ ಸಿಕ್ಕಿತು. ಶೇಂಗಾಚಟ್ನಿ, ಕಡಕ್ ರೊಟ್ಟಿ ಕಟ್ಟಿಕೊಂಡು ನಾವಿಬ್ಬರೂ ಹೋಗಿ ಬಿಟ್ಟು ಬಂದೆವು. ಮೊದಲ ಚಳಿಗಾಲ ಕಳೆದುಹೋಯಿತು. ಫೋನಿನಲ್ಲಿ, "ಹಿಮಾ ನೋಡಿದೇನ?" ಎಂದು ಕೇಳಿದರೆ, "ದೂರದಿಂದ, ಗುಡ್ಡದ ಮ್ಯಾಲ. ಪರೀಕ್ಷಾ ಇದ್ದವು ಅವ್ವಾ" ಎಂದಳು. ದನಿಯಲ್ಲಿ ದುಃಖವೇನೂ ಇರಲಿಲ್ಲ. ಬರುವ ಜನವರಿಗೆಂದು ನಾಲ್ಕು ಜನ ಗೆಳತಿಯರು ಸೇರಿ ದುಡ್ಡು ಕೂಡಿಸುತ್ತಿದ್ದಾರಂತೆ.

ಇಲ್ಲಿ ಶನಿವಾರಗಳು ಖಾಲಿಯಾಗಿವೆ. ಅದನ್ನು ಅವಳಿಗೆ ಮುಚ್ಚಿಡದೆ ಹೇಳುತ್ತೇನೆ. ಅವಳೂ ಒಮ್ಮೊಮ್ಮೆ ಅತ್ತದ್ದನ್ನು ಮುಚ್ಚಿಡದೆ ಹೇಳುತ್ತಾಳೆ. ಆಯ್ಕೆ ಸರಿಯೊ ತಪ್ಪೊ ನಾಲ್ಕು ವರ್ಷದ ನಂತರವೂ ಗೊತ್ತಾಗಲಿಕ್ಕಿಲ್ಲ. ಗೊತ್ತಿರುವುದು ಒಂದೇ: ಮುಂದೆಂದಾದರೂ ಅವಳು ಅದನ್ನು ತಪ್ಪೆಂದು ಬಗೆದರೂ, ಅದು ಅವಳು ಕಣ್ಣು ತೆರೆದು, ನಿಜ ಹೇಳಿ ಮಾಡಿದ ತಪ್ಪಾಗಿರುತ್ತದೆ. ನನ್ನ ಹಾಗೆ ಮೂವತ್ತು ವರ್ಷ ಅಪ್ಪನನ್ನು ಬೈಯುವ ಪ್ರಸಂಗ ಬಾರದು.

ನಿಮ್ಮ ಮನೆಯಲ್ಲೂ ಮುಂದಿನ ಜೂನಿಗೆ ಒಂದು ಪಟ್ಟಿ ತಯಾರಾಗಬಹುದು. ಹುಡುಗಿ, "ಅಲ್ಲಿ ಲ್ಯಾಬ್ ಚಲೋ ಅದಾವ" ಎಂದರೆ, ಕೂಡಲೇ ಒಪ್ಪಲೂ ಬೇಡಿ, ಕೂಡಲೇ ವಾದಿಸಲೂ ಬೇಡಿ. "ಮತ್ತೇನೈತಿ ಅಲ್ಲೆ?" ಎಂದು ಇನ್ನೊಮ್ಮೆ ಕೇಳಿ. ಅವಳು ಹೇಳಿದ ಮೇಲೆ ನಿಮ್ಮದನ್ನೂ ಹೇಳಿ.