ನಿಂತ ಹಡಗಿನಲ್ಲಿ ನಿದ್ದೆ

ಕಷ್ಟ ಸಹಿಸುವುದು ದೊಡ್ಡ ಗುಣವೆಂದು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಆ ಕಷ್ಟ ಎಲ್ಲಿಂದ ಬಂತು, ಏಕೆ ತನ್ನ ಪಾಲಿಗೇ ಬಂತು ಎಂದು ಕೇಳುವ ಹಕ್ಕು ಸಹಿಸುವವನಿಗೆ ಉಂಟೋ ಇಲ್ಲವೋ? ಅಮೆರಿಕದ ಒಂದು ಯುದ್ಧನೌಕೆಯ ಸಂಗತಿಯನ್ನು ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನೌಕೆಯ ಹೆಸರು ‘ಜಾರ್ಜ್ ವಾಷಿಂಗ್ಟನ್’. 1992ರಲ್ಲಿ ಸೇವೆಗೆ ಸೇರಿದ, ಅಣುಶಕ್ತಿಯಿಂದ ನಡೆಯುವ ವಿಮಾನವಾಹಕ. ಇಂಥ ಹಡಗಿನ ಆಯುಷ್ಯ ಸುಮಾರು 50 ವರ್ಷ. ಅರ್ಧ ಆಯುಷ್ಯ ಕಳೆದಾಗ ಅದನ್ನು ಕಟ್ಟೆಗೆ ತಂದು, ಒಡಲು ಬಿಚ್ಚಿ, ಅಣುಸ್ಥಾವರದ ಇಂಧನವನ್ನು ಬದಲಿಸಿ, ಉಳಿದ ಅಂಗಾಂಗಗಳನ್ನೂ ಹೊಸದು ಮಾಡುತ್ತಾರೆ. ಜಾರ್ಜ್ ವಾಷಿಂಗ್ಟನ್ 2017ರ ಆಗಸ್ಟಿನಲ್ಲಿ ವರ್ಜೀನಿಯ ಸಂಸ್ಥಾನದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಗೆ ಬಂತು. ನಾಲ್ಕು ವರ್ಷದ ಕೆಲಸವೆಂದು ಅಂದಾಜು. ಹೊರಟದ್ದು 2023ರ ಮೇ ತಿಂಗಳಲ್ಲಿ. ಸಮುದ್ರ ನೋಡಬೇಕೆಂದು ಸೇರಿದ ಹುಡುಗರಲ್ಲಿ ಕೆಲವರು ಆ ಹಡಗಿನ ಮೇಲೆ ಸಮುದ್ರವನ್ನು ಕಾಣದೆಯೇ ತಮ್ಮ ಅವಧಿ ಮುಗಿಸಿ ಹೋದರು.

ಅವರು ಮಲಗುತ್ತಿದ್ದದ್ದೆಲ್ಲಿ? ಆಗಿನ ಕ್ರಮ ಸರಳವಾಗಿತ್ತು. ಮೇಲಿನ ದರ್ಜೆಯವರಿಗೂ ಸಂಸಾರವಂದಿಗರಿಗೂ ಮನೆ ಬಾಡಿಗೆಯ ಭತ್ಯೆ ಉಂಟು. ಅವರು ಸಂಜೆ ದಡದ ಮನೆಗೆ ಹೋಗುತ್ತಾರೆ. ಮದುವೆಯಾಗದ ಕೆಳದರ್ಜೆಯ ನಾವಿಕನಿಗೆ ಸಾಮಾನ್ಯವಾಗಿ ಆ ಭತ್ಯೆ ಇಲ್ಲ. ಅವನ ಮನೆ ಹಡಗೇ. ಹಡಗು ತೇಲಲಿ, ಬಿಚ್ಚಿಟ್ಟಿರಲಿ. 2022ರ ವಸಂತದಲ್ಲಿ ಸುಮಾರು 400 ಮಂದಿ ಹಾಗೆ ಅದರೊಳಗೆ ವಾಸವಾಗಿದ್ದರು. ಒಂದರ ಮೇಲೊಂದು ಮೂರು ಅಂತಸ್ತಿನ ಮಲಗುವ ಗೂಡು; ತಲೆಯ ಮೇಲೆ ಬಣ್ಣ ಕೆರೆಯುವ, ಉಕ್ಕು ಉಜ್ಜುವ ಯಂತ್ರಗಳ ಸದ್ದು; ಹೊಗೆ, ಧೂಳು; ಒಮ್ಮೆ ಬಿಸಿನೀರಿಲ್ಲ, ಇನ್ನೊಮ್ಮೆ ದೀಪವಿಲ್ಲ. ರಾತ್ರಿ ಪಾಳಿ ಮುಗಿಸಿದವನು ಹಗಲು ಮಲಗಬೇಕು; ಹಗಲೆಂದರೆ ಸುತ್ತಿಗೆಯ ಹೊತ್ತು. ನಮ್ಮಲ್ಲಿ ಮನೆಗೆ ಸುಣ್ಣ ಬಳಿಸುವ ನಾಲ್ಕು ದಿನಕ್ಕೇ ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸುತ್ತೇವೆ!

ಆ ವರ್ಷದ ಏಪ್ರಿಲಿನಲ್ಲಿ, ಒಂದೇ ವಾರದೊಳಗೆ, ಆ ಹಡಗಿನ ಮೂವರು ನಾವಿಕರು ಆತ್ಮಹತ್ಯೆ ಮಾಡಿಕೊಂಡರು. ಇಲ್ಲಿ ಮಾತು ಎಚ್ಚರದಿಂದ ಆಡಬೇಕು. ನೌಕಾದಳದ ತನಿಖೆಯ ವರದಿ ಡಿಸೆಂಬರಿನಲ್ಲಿ ಬಂದಾಗ, ಮೂರು ಸಾವುಗಳಿಗೂ ಪರಸ್ಪರ ಸಂಬಂಧವಿಲ್ಲವೆಂದು ಹೇಳಿತು. ಮನುಷ್ಯ ಬದುಕಿಗೆ ಬೆನ್ನು ತಿರುಗಿಸುವ ಕಾರಣ ಒಂದೇ ಆಗಿರುವುದು ಅಪರೂಪ. ವಸತಿಯೇ ಕೊಂದಿತೆಂದು ನಾನು ಹೇಳಲಾರೆ. ನನ್ನನ್ನು ಕಾಡುವುದು ಬೇರೆ. ಸದ್ದಿಲ್ಲದ ಒಂದು ಹಾಸಿಗೆ ಬೇಕೆಂಬ ಮಾತು ಅದಕ್ಕೆ ಮುಂಚೆ ಬರಿಯ ಗೊಣಗಾಟವಾಗಿತ್ತು. ಮೂರು ಹೆಣಗಳ ತರುವಾಯ ಅಹವಾಲಾಯಿತು. ಇಷ್ಟು ಸಣ್ಣ ಬೇಡಿಕೆಗೆ ಇಷ್ಟು ದೊಡ್ಡ ಸಾಕ್ಷಿ ಬೇಕಿತ್ತೆ?

ಸಾವುಗಳಾದ ಮೇಲೆ ನೌಕಾದಳದ ನಾವಿಕವರ್ಗದ ಅತಿ ಹಿರಿಯನು ಹಡಗಿಗೆ ಬಂದು ಹುಡುಗರ ದೂರು ಕೇಳಿದ. ದೂರು ಹೇಳಿಕೊಳ್ಳಿ ಎಂದ. ಜೊತೆಗೆ, ಕಾಲಾಳಿನಂತೆ ನೀವೇನೂ ಕಂದಕದಲ್ಲಿ ಮಲಗುತ್ತಿಲ್ಲವೆಂದು ನೆನಪಿಸಿದ. ಆತ ಕ್ರೂರಿಯೆಂದು ನನಗೆ ತೋರುವುದಿಲ್ಲ. ‘ನಮ್ಮ ಕಾಲದಲ್ಲಿ’ ಎಂದು ಶುರುಮಾಡುವ ಹಿರಿಯರೆಲ್ಲ ಆಡುವ ಮಾತೇ ಅದು, ನಾನೂ ಆಡುತ್ತೇನೆ. ಆದರೆ ಕಂದಕವನ್ನು ತೋಡಿಸುವುದು ಶತ್ರುವಿನ ಗುಂಡು. ಅದರಿಂದ ಏಳಲು ಬೇರೆ ದಾರಿಯಿಲ್ಲ. ಕಡಲಿನ ನಡುವೆಯೂ ಹಾಗೆಯೇ: ಬಿರುಗಾಳಿ ಎದ್ದರೆ ಕಪ್ತಾನನ ಕೋಣೆಯೂ ತೂಗಾಡುತ್ತದೆ. ಅಲ್ಲಿಯೂ ಎಲ್ಲರ ಹಾಸಿಗೆ ಸಮವಲ್ಲ, ನಿಜ. ಆದರೆ ಅಪಾಯ ಸಮ, ದಡ ಎಲ್ಲರಿಗೂ ಅಷ್ಟೇ ದೂರ. ಕಟ್ಟೆಯಲ್ಲಿ ನಿಂತ ಹಡಗಿನಿಂದ ದಡಕ್ಕೆ ಒಂದು ಹಲಗೆಯಷ್ಟೇ ದೂರ. ಆ ಹಲಗೆ ದಾಟಿ ಸಂಜೆ ಮನೆಗೆ ಹೋಗುವವರು ಯಾರು, ಉಳಿಯುವವರು ಯಾರು ಎಂಬುದನ್ನು ಸಮುದ್ರ ನಿರ್ಧರಿಸಲಿಲ್ಲ, ಶತ್ರುವೂ ನಿರ್ಧರಿಸಲಿಲ್ಲ. ಸಂಬಳದ ಪಟ್ಟಿ ನಿರ್ಧರಿಸಿತು. ಲೆಕ್ಕದ ಪುಸ್ತಕದಿಂದ ಬಂದ ಕಷ್ಟಕ್ಕೆ ಶೌರ್ಯದ ಉಡುಪು ತೊಡಿಸಿದರೆ ಶೌರ್ಯಕ್ಕೇ ಅವಮಾನ.

ಹಾಗಾದರೆ ಹಡಗನ್ನು ಬರಿದು ಬಿಟ್ಟು ಹೋಗುವುದೇ? ಅದೂ ಆಗದು. 2020ರ ಜುಲೈಯಲ್ಲಿ ಸ್ಯಾನ್ ಡಿಯಾಗೊದಲ್ಲಿ ದುರಸ್ತಿಯಲ್ಲಿದ್ದ ‘ಬಾನ್‌ಹೋಮ್ ರಿಶಾರ್ಡ್’ ನೌಕೆಗೆ ಬೆಂಕಿ ಹತ್ತಿ ನಾಲ್ಕು ದಿನಕ್ಕೂ ಮಿಕ್ಕಿ ಉರಿಯಿತು. ಆ ಹಡಗು ಮತ್ತೆ ಕಡಲಿಗಿಳಿಯಲಿಲ್ಲ. ಬೆಸುಗೆಯ ಕಿಡಿ ಹಾರುವಲ್ಲಿ ಕಾವಲು ಇರಲೇಬೇಕು. ಆದರೆ ಕಾವಲು ಬೇರೆ, ವಾಸ ಬೇರೆ. ಪಾಳಿಯ ಮೇಲೆ ಎಚ್ಚರವಾಗಿರುವವನು ಹಡಗನ್ನು ಕಾಯುತ್ತಾನೆ. ನಿದ್ದೆಗೆಟ್ಟು ಗೂಡಿನಲ್ಲಿ ಹೊರಳುವವನು ಏನನ್ನು ಕಾಯುತ್ತಾನೆ? ಬಾಗಿಲುಗಳಲ್ಲೆಲ್ಲ ಕೊಳವೆ, ತಂತಿಗಳು ಹಾದು, ಮುಚ್ಚಲು ಬಾರದಂತಿರುವ ಹಡಗಿನಲ್ಲಿ ನೂರಾರು ಮಂದಿ ಮಲಗಿರುವುದು ಬೆಂಕಿಯ ದಿನ ಹೊರೆಯೇ ಹೊರತು ಬಲವಲ್ಲ.

ಖರ್ಚಿನ ಮಾತು ಉಳಿಯಿತು. ಕೋಟಿಗಟ್ಟಲೆ ಡಾಲರು ಸುರಿದು ಉಕ್ಕಿನ ಆಯುಷ್ಯವನ್ನು ಇಪ್ಪತ್ತೈದು ವರ್ಷ ಬೆಳೆಸುವ ಕಡೆ, ಅದನ್ನು ನಡೆಸಬೇಕಾದವರ ಹಾಸಿಗೆಗೆ ಹಣವಿಲ್ಲವೆಂಬ ಮಾತನ್ನು ನಾನಂತೂ ನಂಬಲಾರೆ. ಹಣವಿತ್ತು, ಅದು ಯಾವ ಬಾಬ್ತಿನದು ಎಂದು ಯಾರೂ ಗೊತ್ತುಮಾಡಿರಲಿಲ್ಲ, ಅಷ್ಟೆ.

ಆ ಏಪ್ರಿಲಿನ ಕೊನೆಯ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ನಾವಿಕರನ್ನು ಹಡಗಿನಿಂದ ಹೊರಗಿನ ವಸತಿಗಳಿಗೆ ಸಾಗಿಸಲು ಅಣಿಮಾಡಿದರು. ಅವನ್ನು ಹೊಸದಾಗಿ ಕಟ್ಟಿಸಬೇಕಾಗಿರಲಿಲ್ಲ. ಮೊದಲಿನಿಂದಲೂ ಅಲ್ಲಿಯೇ ಇದ್ದವು.