ರದ್ದಾದ ನಮೂದು

ಜರ್ನಲಿಂಗ್ ಫೈಲ್ ಸಿಸ್ಟಮ್ ಡಿಸ್ಕಿನಲ್ಲಿ ಮಾಡಬೇಕಾದ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟು ಹೋದರೆ, ಮತ್ತೆ ಶುರುವಾದಾಗ ಆ ನಮೂದುಗಳನ್ನು ಓದಿ ಅರ್ಧಕ್ಕೆ ನಿಂತ ಕೆಲಸ ಮುಗಿಸುತ್ತದೆ. ಇಲ್ಲೊಂದು ತರ್ಕದ ಹುಳುಕಿದೆ. ಡಿಸ್ಕಿನ ಒಂದು ಬ್ಲಾಕಿನಲ್ಲಿ ಡೈರೆಕ್ಟರಿ ಇತ್ತು, ಅದು ಜರ್ನಲ್‌ಗೂ ಏರಿತ್ತು. ಆಮೇಲೆ ಡೈರೆಕ್ಟರಿ ಅಳಿಸಿ ಅದೇ ಬ್ಲಾಕನ್ನು ಯಾರದೋ ಪತ್ರಕ್ಕೆ ಕೊಟ್ಟದ್ದಾಯಿತು. ಪತ್ರದ ಒಳಗಿನ ಮಾತು ಸಾಮಾನ್ಯವಾಗಿ ಜರ್ನಲ್‌ಗೆ ಹೋಗುವುದಿಲ್ಲ. ಆಗ ಯಂತ್ರ ಕುಸಿದರೆ, ಚೇತರಿಕೆಯ ನೆಪದಲ್ಲಿ ಹಳೆಯ ಡೈರೆಕ್ಟರಿ ಹೊಸ ಪತ್ರವನ್ನು ಅಳಿಸಿ ಕೂರುತ್ತದೆ. ನಮೂದು ನಿಜವೇ, ಆದರೆ ಅದರ ಕಾಲ ಮುಗಿದಿತ್ತು. 2001ರಲ್ಲಿ ಲಿನಕ್ಸ್ ಕರ್ನಲ್ ಸೇರಿದ ಇಎಕ್ಸ್‌ಟಿ3 ಎಂಬ ಫೈಲ್ ಸಿಸ್ಟಮ್‌ನಲ್ಲಿ ಇದಕ್ಕೆ ರಿವೋಕ್ ದಾಖಲೆ ಉಂಟು: ಈ ಬ್ಲಾಕಿನ ಬಗ್ಗೆ ಇಲ್ಲಿಯವರೆಗೆ ಬರೆದದ್ದನ್ನು ಮತ್ತೆ ಜಾರಿ ಮಾಡಬೇಡ ಎನ್ನುವ ಸೂಚನೆ. ಚೇತರಿಕೆ ಮೂರು ಸುತ್ತಿನದು. ಮೊದಲು ಜರ್ನಲ್ ಜಾಲಾಡಿ, ಎರಡನೆಯದರಲ್ಲಿ ರದ್ದಾದವನ್ನು ಗುರುತಿಸಿ, ಬರೆಯುವುದು ಮೂರನೆಯದರಲ್ಲಷ್ಟೇ.

ಜಾತಿ ಎಂಬ ಹುಟ್ಟಿನ ನಮೂದು ಕೂಡ ಮನುಷ್ಯನ ಮೇಲೆ ಎಲ್ಲಿಯವರೆಗೆ ಜಾರಿಯಲ್ಲಿರಬೇಕು? ಇಂದಿನ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಕೊಟ್ಟ ಉತ್ತರ ರಿವೋಕ್ ದಾಖಲೆಯ ಜಾತಿಯದೇ. ಇಷ್ಟಲಿಂಗ ಕಟ್ಟಿಕೊಂಡವನ ಪೂರ್ವಾಶ್ರಯ, ಅಂದರೆ ಹಿಂದಿನ ಜಾತಿಯ ಗುರುತು, ಕಳೆಯಿತು, ಅದನ್ನು ಕೆದಕಬಾರದು. ಸಂಪ್ರದಾಯ ಹೇಳುವಂತೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಶರಣರ ಲೆಕ್ಕದಲ್ಲಿ ಅದು ಇಬ್ಬರು ಭಕ್ತರ ಮನೆಯ ಮದುವೆ. ಅರಸ ಬಿಜ್ಜಳನ ಆಡಳಿತ ಹಳೆಯ ನಮೂದನ್ನೇ ಓದಿತು, ಬೀಗರಿಬ್ಬರಿಗೂ ಎಳೆದು ಕೊಲ್ಲುವ ಎಳೆಹೂಟೆಯ ಶಿಕ್ಷೆ. ಅರಮನೆಗೆ ಅದು ವ್ಯವಸ್ಥೆಯ ದುರಸ್ತಿಯಾಗಿಯೇ ಕಂಡಿರಬೇಕು.

ಹಾಗಾದರೆ ಜಾತಿಯನ್ನೇ ಮರೆತು ಅನ್ಯಾಯದ ಇತಿಹಾಸವನ್ನೂ ಮೀಸಲಾತಿಯನ್ನೂ ಅಳಿಸಬೇಕೇ ಎಂಬ ಆಕ್ಷೇಪ ಬಲವಾದದ್ದು. ರಿವೋಕ್ ದಾಖಲೆ ಹಳೆಯ ನಮೂದನ್ನು ಕಿತ್ತೆಸೆಯುವುದಿಲ್ಲ. ಅದು ಅಲ್ಲೇ ಇರುತ್ತದೆ, ಓದಬಹುದು, ಡಿಸ್ಕಿನ ಮೇಲೆ ಬರೆಯುವಂತಿಲ್ಲ ಅಷ್ಟೆ. ಆದ ಅನ್ಯಾಯಕ್ಕೆ ಪರಿಹಾರ ಕೊಡಲು ಜಾತಿ ಕೇಳುವುದು ಬೇರೆ, ಪಂಕ್ತಿಯಲ್ಲಿ ಎಲ್ಲಿ ಕೂರಿಸಬೇಕೆಂದು ಕೇಳುವುದು ಬೇರೆ. (ಎರಡನೆಯದನ್ನು ಕೇಳುವವರಲ್ಲಿ ಇಂದು ಲಿಂಗ ಕಟ್ಟಿದವರೂ ಕಡಿಮೆಯಿಲ್ಲ.)

ಹುಮನಾಬಾದಿನ ಪಕ್ಕದ ಮಾಣಿಕನಗರ ಇನ್ನೊಂದು ಆಕ್ಷೇಪ ಎತ್ತುತ್ತದೆ. ಅಲ್ಲಿ ನೆಲೆಸಿದ್ದ ಸಂತ ಮಾಣಿಕಪ್ರಭುಗಳ (1817–1865) ಸಕಲಮತ ಸಿದ್ಧಾಂತದಲ್ಲಿ ಯಾರೂ ತಮ್ಮ ಮತ ಬಿಡಬೇಕಿಲ್ಲ. ರದ್ದತಿಯ ಗೊಡವೆಯೇ ಇಲ್ಲ. ಆದರೆ ಮತವನ್ನು ನಂಬುವವನು ಪ್ರತಿದಿನ ತಾನೇ ಹೊಸದಾಗಿ ಬರೆದುಕೊಳ್ಳುತ್ತಾನೆ. ರದ್ದಾದ ಬ್ಲಾಕಿಗೂ ಆಮೇಲೆ ಹೊಸ ನಮೂದು ಬಿದ್ದರೆ ಇಎಕ್ಸ್‌ಟಿ3 ಅದನ್ನು ತಡೆಯದು, ಜಾರಿ ಮಾಡುತ್ತದೆ. ಹರಳಯ್ಯನ ಹೆಸರಿನ ಮುಂದೆ ಅರಮನೆ ಓದಿದ ಸಾಲು ಅವನು ಬರೆದದ್ದಾಗಿರಲಿಲ್ಲ.